ಎಲೆಯ ಮೇಲಣ ಜೀವ: ಸಲೀನಾಸ್ ಕಣಿವೆಯ ಸೊಪ್ಪಿನ ಪ್ರಸಂಗ

ಹದಿಮೂರನೆಯ ಶತಮಾನದಲ್ಲಿ ಮಾಳವ ದೇಶದಲ್ಲಿದ್ದ ಪಂಡಿತ ಆಶಾಧರನು ತನ್ನ ‘ಸಾಗಾರಧರ್ಮಾಮೃತ’ದಲ್ಲಿ, ಶ್ರಾವಕನಾದವನು ಮಳೆಗಾಲದಲ್ಲಿ ಪತ್ರಶಾಕವನ್ನು, ಅಂದರೆ ಸೊಪ್ಪನ್ನು, ಸೇವಿಸಬಾರದೆಂದು ವಿಧಿಸಿದ್ದಾನೆ. ಆ ಋತುವಿನಲ್ಲಿ ತ್ರಸ ಮತ್ತು ಸ್ಥಾವರ ಜೀವಗಳು ಎಲೆಗಳನ್ನು ಹೆಚ್ಚಾಗಿ ಆಶ್ರಯಿಸಿರುತ್ತವೆ ಎಂಬುದು ಇದಕ್ಕೆ ಕಾರಣ. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವ ಜೈನ ಮನೆಗಳು ಕನ್ನಡನಾಡಿನಲ್ಲಿ ಇಂದಿಗೂ ಇವೆ. ಈ ವಿಧಿಯನ್ನು ವ್ಯಾಖ್ಯಾನಿಸುವವರು ನಮ್ಮ ಆಚಾರ್ಯರಿಗೆ ಬ್ಯಾಕ್ಟೀರಿಯಾಗಳು ಆಗಲೇ ತಿಳಿದಿದ್ದವೆಂದು ಹೇಳಿ ಕೃತಾರ್ಥರಾಗುವುದುಂಟು. ಈ ವಾದ ನನಗೆ ಸಮ್ಮತವಲ್ಲ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಯ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಬರುವ ನಿಗೋದವು ಅನಂತ ಜೀವಗಳು ಹಂಚಿಕೊಂಡಿರುವ ಒಂದೇ ಶರೀರ, ಬ್ಯಾಕ್ಟೀರಿಯಾವಾದರೋ ತನ್ನದೇ ಕೋಶವುಳ್ಳ ಒಂಟಿ ಜೀವಿ. ಎರಡನ್ನೂ ಸಮೀಕರಿಸಿದರೆ ಸಿದ್ಧಾಂತಕ್ಕೂ ವಿಜ್ಞಾನಕ್ಕೂ ಅಪಚಾರವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಶಾಧರನ ಚಿಂತೆ ತಿನ್ನುವವನ ಹೊಟ್ಟೆಯನ್ನು ಕುರಿತದ್ದಲ್ಲ, ಎಲೆಯ ಮೇಲಿರುವ ಜೀವವನ್ನು ಕುರಿತದ್ದು. ಅಹಿಂಸೆಯ ವಿಧಿಯನ್ನು ಆರೋಗ್ಯದ ಸೂತ್ರವನ್ನಾಗಿ ಇಳಿಸಿದರೆ ಅದರ ಘನತೆ ಕುಂದುತ್ತದೆ.

ಆದರೂ ಎಲೆಯು ಬರಿಯ ಆಹಾರವಲ್ಲ, ಅನ್ಯಜೀವಗಳ ನೆಲೆಯೂ ಹೌದು ಎಂಬ ಅರಿವು ಶ್ರಾವಕಾಚಾರಕ್ಕೂ ಆಧುನಿಕ ಸೂಕ್ಷ್ಮಜೀವಿಶಾಸ್ತ್ರಕ್ಕೂ ಸಮಾನವಾದುದು. ವಿಜ್ಞಾನವು ಈ ನೆಲೆಗೆ ‘ಫಿಲೋಸ್ಫಿಯರ್’ ಎಂದು ಹೆಸರಿಟ್ಟದ್ದು ತೀರ ಈಚೆಗೆ, 1950ರ ದಶಕದಲ್ಲಿ, ಎಫ್. ಟಿ. ಲಾಸ್ಟ್ ಮತ್ತು ಯಾಕೋಬಾ ರುಯ್ನೆನ್ ಎಂಬ ಸಂಶೋಧಕರು ಆ ಪದವನ್ನು ಬಳಕೆಗೆ ತಂದರು. ಈ ಅರಿವನ್ನು ಮರೆತಾಗ ಏನಾಗುತ್ತದೆ, ತಡವಾಗಿ ನೆನೆದು ಭಯಗೊಂಡಾಗ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಲೀನಾಸ್ ಕಣಿವೆಯ ಈಚಿನ ಇತಿಹಾಸದಲ್ಲಿ ಉತ್ತರವಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಲೀನಾಸ್ ಅಪರಿಚಿತವಲ್ಲ. ಜಾನ್ ಸ್ಟೈನ್‌ಬೆಕ್ 1902ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅವನ ‘ಈಸ್ಟ್ ಆಫ್ ಈಡನ್’ ಕಾದಂಬರಿಯಲ್ಲಿ ಆ್ಯಡಮ್ ಟ್ರಾಸ್ಕ್ ಎಂಬ ಪಾತ್ರವು ಲೆಟಿಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ದೂರದ ಪೂರ್ವ ನಗರಗಳಿಗೆ ಸಾಗಿಸಲು ಹೋಗಿ, ಸೊಪ್ಪು ಕೊಳೆತು ನಷ್ಟಕ್ಕೊಳಗಾಗುತ್ತದೆ. ಕಾದಂಬರಿಯಲ್ಲಿ ಸೋತ ಆ ಕನಸು ವಾಸ್ತವದಲ್ಲಿ ಗೆದ್ದಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಣಿವೆಯ ಎಳೆಯ ಸೊಪ್ಪು ಕತ್ತರಿಸಿ, ತೊಳೆದು, ಪ್ಲಾಸ್ಟಿಕ್ ಚೀಲ ಸೇರಿ, ಬೇಯಿಸದೆಯೇ ತಿನ್ನಲು ಸಿದ್ಧವಾಗಿ ದೇಶದ ಮೂಲೆಮೂಲೆಗೂ ಹೋಗತೊಡಗಿತು. ಹಲವು ಹೊಲಗಳ ಎಲೆಗಳು ಒಂದೇ ತೊಟ್ಟಿಯ ನೀರಿನಲ್ಲಿ ಮೀಯುವ ಪದ್ಧತಿಯೂ ಅದರೊಡನೆಯೇ ಬಂದಿತು.

2006ರ ಸೆಪ್ಟೆಂಬರ್ 14ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಚೀಲದಲ್ಲಿ ಬರುವ ಹಸಿ ಸ್ಪಿನಾಚ್ ಸೊಪ್ಪನ್ನು ಯಾರೂ ತಿನ್ನಬಾರದೆಂದು ಪ್ರಕಟಿಸಿತು. (ಸ್ಪಿನಾಚ್ ಎಂದರೆ ಪಾಲಕ್ ಎಂದು ನಾವು ಅನುವಾದಿಸುತ್ತೇವಾದರೂ ನಮ್ಮ ಸಂತೆಯ ಪಾಲಕ್ ಅನೇಕ ವೇಳೆ ಬೀಟ್‌ರೂಟ್ ಕುಲದ ಸೊಪ್ಪು.) ರೋಗವು 26 ರಾಜ್ಯಗಳಿಗೆ ಹರಡಿತ್ತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ ಪೀಡಿತರು 199 ಮಂದಿ; ಅವರಲ್ಲಿ 31 ಮಂದಿಗೆ ಮೂತ್ರಪಿಂಡಗಳೇ ಕೆಡುವ ತೊಡಕು ಉಂಟಾಯಿತು, ಮೂವರು ತೀರಿಕೊಂಡರು. ಕಾರಣವಾದುದು ಇ. ಕೋಲೈ ಒ157:ಎಚ್7 ಎಂಬ ಬ್ಯಾಕ್ಟೀರಿಯಾ. ಥಿಯೋಡೋರ್ ಎಷರಿಷ್ 1885ರಲ್ಲಿ ಮಕ್ಕಳ ಕರುಳಿನಲ್ಲಿ ಗುರುತಿಸಿದ ಇ. ಕೋಲೈ ಬಹುಮಟ್ಟಿಗೆ ನಿರುಪದ್ರವಿ. ಆದರೆ ಅದರ ಈ ಬಂಧು ವಿಷವನ್ನು ಸ್ರವಿಸುತ್ತದೆ. ಇದು ಮೊದಲು ಗಮನಕ್ಕೆ ಬಂದದ್ದು 1982ರಲ್ಲಿ, ಸರಿಯಾಗಿ ಬೇಯದ ಮಾಂಸದ ಹ್ಯಾಂಬರ್ಗರ್ ತಿಂದವರಲ್ಲಿ. ಹೀಗಾಗಿ ಇದನ್ನು ಮಾಂಸಾಹಾರದ ರೋಗವೆಂದೇ ಜನ ಬಹುಕಾಲ ನಂಬಿದ್ದರು.

ತನಿಖೆಯು ಚೀಲದ ಮೇಲಿನ ಗುರುತನ್ನು ಹಿಡಿದು ಹಿಂದಕ್ಕೆ ಸಾಗಿ, ಸಲೀನಾಸ್‌ಗೆ ಹೊಂದಿಕೊಂಡ ಸ್ಯಾನ್ ಬೆನಿಟೋ ಕೌಂಟಿಯ ಒಂದು ಹೊಲದತ್ತ ಬೊಟ್ಟುಮಾಡಿತು. ಅದರ ವಿಸ್ತಾರ ಮೂರು ಎಕರೆಗೂ ಕಡಿಮೆ. ಸುತ್ತಲಿನ ಪರಿಸರದಲ್ಲಿ ದನಗಳ ಸಗಣಿ, ಕಾಡುಹಂದಿಯ ಮಲ, ಹೊಳೆಯ ನೀರು ಈ ಮೂರರಲ್ಲಿಯೂ ರೋಗಿಗಳಲ್ಲಿ ಕಂಡ ತಳಿಯೇ ಸಿಕ್ಕಿತು. ಆದರೆ ಅದು ಎಲೆಯನ್ನು ತಲುಪಿದ ದಾರಿ ಯಾವುದೆಂದು 2007ರ ಮಾರ್ಚ್‌ನಲ್ಲಿ ಹೊರಬಂದ ವರದಿಯೂ ನಿರ್ಣಯಿಸಲಿಲ್ಲ. ಬಂದದ್ದು ಹಂದಿಯ ಕಾಲಿನಿಂದಲೋ, ನೀರಿನಿಂದಲೋ ಎಂಬ ಪ್ರಶ್ನೆ ತೆರೆದೇ ಉಳಿಯಿತು.

ದನದ ಕರುಳಿನ ಜೀವಿಯೊಂದು ಎಲೆಯ ಮೇಲೆ ಬದುಕುವುದು ಹೇಗೆ? ಎಲೆಯ ಮೇಲ್ಮೈ ಅದಕ್ಕೆ ಪರದೇಶ. ಮೇಣದ ಹೊದಿಕೆಯಿರುವಲ್ಲಿ ನೀರು ನಿಲ್ಲದು, ಆಹಾರ ಅಲ್ಪ, ಬಿಸಿಲಿನ ಅತಿನೇರಳೆ ಕಿರಣಗಳು ಕೊಲ್ಲುತ್ತವೆ, ಮೊದಲೇ ನೆಲೆಸಿರುವ ಸೂಕ್ಷ್ಮಜೀವಿಗಳು ಜಾಗ ಬಿಡವು. ಆದುದರಿಂದ ಎಲೆಗೆ ಬಿದ್ದವುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ಉಳಿದ ಕೆಲವು ನರಗಳ ತಗ್ಗಿನಲ್ಲಿ, ಪತ್ರರಂಧ್ರಗಳ ಬಾಯಲ್ಲಿ, ಹುಳು ಕಡಿದ ಗಾಯದ ಅಂಚಿನಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿ ತೇವವಿದೆ, ಗಾಯದಿಂದ ಒಸರುವ ಸಕ್ಕರೆಯಿದೆ, ನೆರಳಿದೆ. ಹಳೆಯ ನಿವಾಸಿಗಳು ಕಟ್ಟಿಕೊಂಡ ಅಂಟುಪೊರೆಯೊಳಗೆ ಇವೂ ತಂಗುವುದುಂಟು. ಅಮೆರಿಕದ ಜಾರ್ಜಿಯಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಕ್ಷೇತ್ರಪ್ರಯೋಗದಲ್ಲಿ, ರೋಗ ತರದ ತಳಿಯೊಂದನ್ನು ಗೊಬ್ಬರದೊಡನೆ ಮಣ್ಣಿಗೆ ಸೇರಿಸಿ ಸಸಿ ನೆಟ್ಟಾಗ, ಅದು ಲೆಟಿಸ್ ಮೇಲೆ 77 ದಿನಗಳವರೆಗೆ, ಪಾರ್ಸ್ಲಿ ಸೊಪ್ಪಿನ ಮೇಲೆ 177 ದಿನಗಳವರೆಗೆ, ಮಣ್ಣಿನಲ್ಲಿ 154ರಿಂದ 217 ದಿನಗಳವರೆಗೆ ಪತ್ತೆಯಾಯಿತು. ಲೆಟಿಸ್ ಕೊಯ್ಲಿಗೆ ಬರುವಷ್ಟು ಕಾಲ ಅದಕ್ಕೆ ಎಲೆಯ ಮೇಲೆ ಆಯುಷ್ಯವಿದೆ ಎಂದಾಯಿತು.

ಇಲ್ಲಿ ಮತ್ತೊಂದು ಸಂಗತಿ ಸೇರಿದಾಗ ಭಯದ ಸ್ವರೂಪ ತಿಳಿಯುತ್ತದೆ. ಈ ತಳಿಯ ನೂರಕ್ಕೂ ಕಡಿಮೆ ಕೋಶಗಳು ಒಬ್ಬನನ್ನು ಮಲಗಿಸಲು ಸಾಕು. ಕ್ಲೋರಿನ್ ನೀರಿನಲ್ಲಿ ತೊಳೆದರೆ ಎಲೆಯ ಮೇಲಿನ ಬ್ಯಾಕ್ಟೀರಿಯಾ ಹತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ಇಳಿಯಬಹುದೇ ಹೊರತು ಪೂರ್ಣವಾಗಿ ಹೋಗದು. ಬೇಯಿಸಿದರೆ ಸಾಯುತ್ತದೆ, ಆದರೆ ಆ ಸೊಪ್ಪು ಮಾರಾಟವಾಗುವುದೇ ಹಸಿಯಾಗಿ ತಿನ್ನಲೆಂದು. ಶೋಧಿಸಿ, ತೊಳೆದು ಉಣ್ಣುವ ಗೃಹಿಣಿಯ ಎಚ್ಚರ ಇಲ್ಲಿ ಸಾಲದು. ಹೊಣೆ ಅಡುಗೆಮನೆಯಿಂದ ಹೊಲಕ್ಕೆ ಸರಿಯಿತು. 2007ರಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರೂ ವರ್ತಕರೂ ಸೊಪ್ಪಿನ ಕೃಷಿಗೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡು, ನೀರಿನ ಪರೀಕ್ಷೆ, ಗೊಬ್ಬರದ ಸಂಸ್ಕರಣೆ ಮೊದಲಾದ ನಿಯಮಗಳನ್ನು ಹಾಕಿಕೊಂಡರು. ಇದು ವಿವೇಕದ ಕೆಲಸ.

ಆದರೆ ದೊಡ್ಡ ಖರೀದಿದಾರರಲ್ಲಿ ಕೆಲವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಹೊಲದ ಸುತ್ತ ಬೋಳುನೆಲವಿರಬೇಕು, ಯಾವ ಪ್ರಾಣಿಯೂ ಸುಳಿಯಬಾರದು ಎಂದು ಬೆಳೆಗಾರರನ್ನು ಒತ್ತಾಯಿಸಿದರು. ಬೇಲಿಗಳೆದ್ದವು, ಇಲಿಗಳಿಗೆ ವಿಷವಿಟ್ಟರು, ಕಪ್ಪೆಗಳಿದ್ದ ಹೊಂಡಗಳನ್ನು ನಿರ್ಜೀವಗೊಳಿಸಿದರು, ಹೊಳೆದಂಡೆಯ ಪೊದೆಗಳನ್ನು ಕಿತ್ತರು. 2005ರಿಂದ 2009ರ ಅವಧಿಯಲ್ಲಿ ಸಲೀನಾಸ್ ನದಿ ಕಣಿವೆಯಲ್ಲಿ ಉಳಿದಿದ್ದ ದಂಡೆಯ ಸಸ್ಯಾವರಣದಲ್ಲಿ ಶೇ. 13ರಷ್ಟು ನಾಶವಾಯಿತು ಅಥವಾ ಕ್ಷೀಣಿಸಿತು ಎಂದು 2013ರ ಅಧ್ಯಯನವೊಂದು ದಾಖಲಿಸಿದೆ.

ಜೈನ ಆಚಾರಶಾಸ್ತ್ರದ ಕಣ್ಣಿನಿಂದ ಈ ಘಟ್ಟ ವಿಚಾರಾರ್ಹವಾದುದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಭಾಗಿಸುವ ಪದ್ಧತಿಯಿದೆ. ಕೃಷಿಯನ್ನು ಆದಿದೇವನೇ ಕಲಿಸಿದ ಷಟ್ಕರ್ಮಗಳಲ್ಲಿ ಒಂದೆಂದು ಜಿನಸೇನರು ಹೇಳುವುದರಿಂದ, ನೇಗಿಲಿನ ಮೊನೆಗೆ ಸಿಕ್ಕು ಸಾಯುವ ಜೀವದ ಹಿಂಸೆ ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಅದು ಅನಿವಾರ್ಯ. ಆಕ್ರಮಿಸಿದವನನ್ನು ಎದುರಿಸುವುದು ವಿರೋಧೀ ಹಿಂಸೆ. ಹೊಂಡದ ಕಪ್ಪೆಯನ್ನು ಕೊಂದವರು ತಮ್ಮ ಕೃತ್ಯವನ್ನು ಈ ಕೊನೆಯ ಬಗೆಗೆ ಸೇರಿಸಿಯಾರು. ಹಾಗೆ ಸೇರಿಸಲು ಕಪ್ಪೆ ನಿಜವಾಗಿಯೂ ವೈರಿಯಾಗಿರಬೇಕು. ವೈರಿಯೆಂಬ ಶಂಕೆಯಷ್ಟರಿಂದಲೇ ಕೊಂದದ್ದು ಸಂಕಲ್ಪೀ ಹಿಂಸೆಯೇ, ಶ್ರಾವಕನು ಮೊದಲು ಬಿಡಬೇಕಾದ ಹಿಂಸೆ.

ಈ ಶಂಕೆಯನ್ನು ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಬಂದಿತು. ಅಮೆರಿಕ, ಮೆಕ್ಸಿಕೊ, ಚಿಲಿ ದೇಶಗಳ 295 ತೋಟಗಳಲ್ಲಿ 2007ರಿಂದ 2013ರವರೆಗೆ ಸೊಪ್ಪು-ತರಕಾರಿ, ನೀರು, ಇಲಿಗಳ ಮೇಲೆ ನಡೆದ ಸುಮಾರು 2,50,000 ಪರೀಕ್ಷೆಗಳ ಫಲಿತಾಂಶವನ್ನು ಸಂಶೋಧಕರು ಒಟ್ಟುಗೂಡಿಸಿದರು. ದಂಡೆಯ ಗಿಡಪೊದೆ ಇದ್ದ ಕಾರಣಕ್ಕೆ ಸೊಪ್ಪಿನಲ್ಲಿ ರೋಗಾಣು ಹೆಚ್ಚಿರಲಿಲ್ಲ. ಕಿತ್ತ ಕಾರಣಕ್ಕೆ ಕಡಿಮೆಯೂ ಆಗಿರಲಿಲ್ಲ. ಬದಲಿಗೆ, ಸಸ್ಯಾವರಣವನ್ನು ತೆಗೆದ ಕಡೆ ಅಪಾಯಕಾರಿ ಇ. ಕೋಲೈ ಕಾಲಕ್ರಮದಲ್ಲಿ ಏರುವ ಸೂಚನೆಯಿತ್ತು. ಹೆಚ್ಚಳ ಕಂಡ ಇನ್ನೊಂದು ಸ್ಥಳ ದನ ಮೇಯುವ ನೆಲದ ಸಮೀಪ. 2019ರ ಇನ್ನೊಂದು ಅಧ್ಯಯನವು, ಸಾವಯವ ಹೊಲಗಳಲ್ಲಿ ಸಮೃದ್ಧವಾಗಿದ್ದ ಸಗಣಿಹುಳುಗಳು ಮಲವನ್ನು ಬೇಗ ಹೂತುಹಾಕಿ ಇ. ಕೋಲೈಯನ್ನು ತಗ್ಗಿಸುತ್ತವೆಂದು ಕಂಡಿತು. ಹೊಲವನ್ನು ಶುಚಿಗೊಳಿಸುತ್ತಿದ್ದುದು ಯಾರೂ ಲೆಕ್ಕಕ್ಕಿಡದ ಒಂದು ತ್ರಸಜೀವಿ.

ಈ ನಡುವೆ 2018ರ ವಸಂತದಲ್ಲಿ ಅರಿಜೋನಾದ ಯೂಮಾ ಪ್ರದೇಶದ ರೋಮೇನ್ ಲೆಟಿಸ್‌ನಿಂದ 36 ರಾಜ್ಯಗಳ 210 ಮಂದಿ ಕಾಯಿಲೆಬಿದ್ದು ಐವರು ಸತ್ತರು. ರೋಗದ ತಳಿ ನೀರಾವರಿ ಕಾಲುವೆಯ ನೀರಿನಲ್ಲಿ ಸಿಕ್ಕಿತು. ಆ ಕಾಲುವೆಯ ಪಕ್ಕದಲ್ಲಿಯೇ ಮಾಂಸಕ್ಕಾಗಿ ಸಾವಿರಾರು ದನಗಳನ್ನು ಕೂಡಿಹಾಕಿ ಕೊಬ್ಬಿಸುವ ದೊಡ್ಡಿಯೊಂದಿತ್ತು. ಆ ಬಳಿಕ ಬೆಳೆಗಾರರ ಒಡಂಬಡಿಕೆಯಲ್ಲಿ ಸೊಪ್ಪಿನ ಹೊಲಕ್ಕೂ ಇಂಥ ದೊಡ್ಡಿಗೂ ಇರಬೇಕಾದ ಅಂತರವನ್ನು 400 ಅಡಿಯಿಂದ 1,200 ಅಡಿಗೆ ಏರಿಸಲಾಯಿತು.