ಆರ್ಟೂ-ಡೀಟೂ ಪ್ರತಿಕೃತಿ ನಿರ್ಮಾಣ

1977ರ ‘ಸ್ಟಾರ್ ವಾರ್ಸ್’ ಚಿತ್ರದ ಗುಮ್ಮಟತಲೆಯ ರೋಬೋಟನ್ನು ನಿಜ ಅಳತೆಯಲ್ಲೇ ಮನೆಯಲ್ಲಿ ಕಟ್ಟುವ ಹವ್ಯಾಸ. ಚಿತ್ರದ ಹಲವು ದೃಶ್ಯಗಳಲ್ಲಿ ನಟ ಕೆನ್ನಿ ಬೇಕರ್ ಒಳಗೆ ಕೂತು ಅದನ್ನು ಆಡಿಸಿದ್ದರು. ಹವ್ಯಾಸಿಗಳು ಆ ಜಾಗದಲ್ಲಿ ಮೋಟರು, ಬ್ಯಾಟರಿ ಕೂರಿಸಿ ರಿಮೋಟಿನಿಂದ ಓಡಿಸುತ್ತಾರೆ. ಒಡಲಿಗೆ ಪ್ಲೈವುಡ್, ಸ್ಟೈರೀನ್ ಹಾಳೆ ಅಥವಾ ಅಲ್ಯುಮಿನಿಯಂ. ಈಚೆಗೆ ತ್ರೀಡಿ ಮುದ್ರಿತ ಬಿಡಿಭಾಗ. ನಿಜವಾದ ಪರೀಕ್ಷೆ ತಲೆಯದು: ಸುಮಾರು 46 ಸೆಂ.ಮೀ. ವ್ಯಾಸದ ಗುಮ್ಮಟ ಅಲುಗದೆ ಸರಾಗವಾಗಿ ತಿರುಗಬೇಕು, ಒಳಗಿನ ವೈರು ಹೊಸೆದುಕೊಳ್ಳಬಾರದು. ಅದಕ್ಕೇ ತಿರುಗುವ ಭಾಗಕ್ಕೂ ವಿದ್ಯುತ್ ಹರಿಸುವ ಸ್ಲಿಪ್ ರಿಂಗ್ ಹಾಕುವುದು. 1999ರಲ್ಲಿ ಹುಟ್ಟಿದ ಆರ್ಟೂ ನಿರ್ಮಾಪಕರ ಬಳಗ ಅಳತೆಯ ನಕ್ಷೆಗಳನ್ನು ಹಂಚಿಕೊಂಡದ್ದೇ ಈ ಹವ್ಯಾಸದ ದೊಡ್ಡ ಆಸ್ತಿ. ಬಳಗದ ಲೀ ಟವರ್ಸಿ, ಆಲಿವರ್ ಸ್ಟೀಪಲ್ಸ್ 2015ರ ‘ದಿ ಫೋರ್ಸ್ ಅವೇಕನ್ಸ್’ ಚಿತ್ರಕ್ಕೇ ಆರ್ಟೂ ಕಟ್ಟಿಕೊಟ್ಟರು.