ಪದರದ ಮೇಲೆ ಪದರ: ದಖ್ಖನಿ ಚಿತ್ರಗಳ ಕಥೆ

ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಗಣಕಯಂತ್ರದ ಪರದೆಯ ಮೇಲೆ ಚಿತ್ರ ಬರೆಯುವ ಮಕ್ಕಳಿಗೇನೂ ಈಗ ಕೊರತೆಯಿಲ್ಲ. 2008ರಲ್ಲಿ ದೂರದರ್ಶನದ ಪರದೆಗೆ ಬಂದ 'ಛೋಟಾ ಭೀಮ್' ಇದೇ ಊರಿನ ಸಂಸ್ಥೆಯ ಕೂಸು. ಈ ಮಕ್ಕಳ ಕೆಲಸದ ಕ್ರಮವನ್ನು ನೋಡಿರಿ: ಅಡಿಯಲ್ಲಿ ಗೆರೆಯ ಪದರ, ಅದರ ಮೇಲೆ ಬಣ್ಣದ್ದು, ಆಮೇಲೆ ನೆರಳಿನದು, ಕೊನೆಗೆ ಹೊಳಪಿನದು. ಫೋಟೋಶಾಪಿನಲ್ಲಿ ಈ ಏರ್ಪಾಡು ಬಂದುದು 1994ರಲ್ಲಿ. ಆದುದರಿಂದ ಇದು ಅಮೆರಿಕದಿಂದ ಬಂದ ವಿದ್ಯೆಯೆಂದು ಅವರು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಪದರ ಪದರವಾಗಿ ಚಿತ್ರ ಕಟ್ಟುವ ಕಸುಬು ನಮ್ಮ ವಿಜಾಪುರದಲ್ಲಿಯೂ ಇಲ್ಲಿನ ಗೋಲ್ಕೊಂಡದಲ್ಲಿಯೂ ನಾನೂರು ವರ್ಷಗಳ ಹಿಂದೆಯೇ ಪಳಗಿತ್ತು.

ವಿಜಾಪುರದ 'ನುಜೂಮ್ ಅಲ್ ಉಲೂಮ್' ಎಂಬ ಸಚಿತ್ರ ಗ್ರಂಥ ಸಿದ್ಧವಾದುದು 1570ರಲ್ಲಿ, ಅದೀಗ ಡಬ್ಲಿನ್ನಿನಲ್ಲಿದೆ. ಪ್ರಜೆಗಳಿಂದ 'ಜಗದ್ಗುರು' ಎನಿಸಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಾಹ (1580–1627) ಸ್ವತಃ ಸಂಗೀತಗಾರ, ಚಿತ್ರಪ್ರಿಯ. ಅವನ ಕಾಲದಲ್ಲಿ ಈ ಕಲೆ ತುತ್ತತುದಿಗೇರಿತು.

ಚಿತ್ರಕ್ಕೆ ಮೊದಲು ಕಾಗದವೇ ಪದರಗಳದು. ಹಲವು ಹಾಳೆಗಳನ್ನು ಅಂಟಿಸಿ ದಪ್ಪಗೆ ಮಾಡಿ, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳೆಯಿಸುತ್ತಿದ್ದರು. ಇದಕ್ಕೆ 'ವಸ್ಲಿ' ಎಂದು ಹೆಸರು. ಅದರ ಮೇಲೆ ಅಳಿಲಿನ ಬಾಲದ ಕೂದಲಿನ ಕುಂಚದಿಂದ ತೆಳುವಾಗಿ ರೇಖಾಕೃತಿ. ಮೇಲೊಂದು ಸಫೇದದ ತೆಳು ಲೇಪ. ಅಡಿಯ ಗೆರೆ ಮಸುಕಾಗಿ ಕಾಣುವಷ್ಟು ಮಾತ್ರ. ಆ ಮಸುಕು ಗೆರೆಯ ಮೇಲೆಯೇ ತಿದ್ದಿದ ಗೆರೆ. ಆಮೇಲೆ ಬಣ್ಣ: ಇಂಗಳೀಕದ ಕೆಂಪು, ಅರದಾಳದ ಹಳದಿ, ದೀಪದ ಕಾಡಿಗೆಯ ಕಪ್ಪು, ದೂರದ ಬದಕ್‌ಶಾನದಿಂದ ಬರುತ್ತಿದ್ದ ನೀಲಿಕಲ್ಲಿನ ಪುಡಿ. ಎಲ್ಲಕ್ಕೂ ಅಂಟು ಬೆರೆಸಬೇಕು. ಅಂಟು ಹೆಚ್ಚಾದರೆ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಕೈಗೆ ಹತ್ತುತ್ತದೆ. ಒಂದು ಲೇಪ ಒಣಗಿದ ಮೇಲೆ ಚಿತ್ರವನ್ನು ಬೋರಲು ಹಾಕಿ ಹಿಂಬದಿಯಿಂದ ತಿಕ್ಕುವುದು, ಮತ್ತೆ ಲೇಪ, ಮತ್ತೆ ತಿಕ್ಕುವುದು. ಹೊನ್ನಿನ ಕೆಲಸವೂ ಕಣ್ಣು ಹುಬ್ಬುಗಳ ಕೂದಲೆಳೆಯ ಗೆರೆಗಳೂ ಕಟ್ಟಕಡೆಗೆ.

ಒಂದೇ ಆಕೃತಿ ಮತ್ತೆ ಬೇಕಾದರೆ ಪಾರದರ್ಶಕವಾದ ಚರ್ಮದ ಮೇಲೆ ಅದನ್ನು ತೆಗೆದುಕೊಂಡು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಇದ್ದಲಿನ ಪುಡಿ ತಟ್ಟುತ್ತಿದ್ದರು. ನಮ್ಮ ಹೆಂಗಸರು ರಂಗೋಲಿಗೆ ತೂತಿನ ಅಚ್ಚು ಬಳಸುವುದೂ ಇದೇ ಉಪಾಯ ತಾನೆ!

ನಮ್ಮನ್ನು ಎಲ್ಲಕ್ಕಿಂತ ಬೆರಗುಗೊಳಿಸಿರುವುದು ವಿಜಾಪುರದ ಅಬ್ರಿ ಚಿತ್ರಗಳು. ನೀರಿನ ಮೇಲೆ ಬಣ್ಣ ತೇಲಿಸಿ, ಮೋಡದಂಥ ಆ ವಿನ್ಯಾಸವನ್ನು ಕಾಗದಕ್ಕೆ ಹತ್ತಿಸುವ ಕಲೆಯಿದು. ಬಣ್ಣ ತಾಗಬಾರದೆಂಬ ಭಾಗಕ್ಕೆ ಮೊದಲೇ ಮರೆ ಕಟ್ಟಿದರೆ ಅಷ್ಟು ಜಾಗ ಖಾಲಿ ಉಳಿಯುತ್ತದೆ. ಇಂದಿನ ಮಕ್ಕಳು 'ಮಾಸ್ಕ್' ಎನ್ನುವುದು ಇದನ್ನೇ. ಹೀಗೆ ಮೂಡಿದ ಬಡಕಲು ಕುದುರೆ ಮತ್ತು ಸವಾರನ ಚಿತ್ರವೊಂದು, ಸುಮಾರು 1625ರದು, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿದೆ.

ಹೋಲಿಕೆಯನ್ನು ಬಹಳ ಎಳೆಯಬಾರದು. ಪರದೆಯ ಮೇಲೆ ಯಾವ ಪದರವನ್ನಾದರೂ ಯಾವಾಗಲಾದರೂ ತೆರೆದು ತಿದ್ದಬಹುದು. ಕಾಗದದಲ್ಲಿ ಒಮ್ಮೆ ಹೂತ ಪದರ ಹೂತೇ ಹೋಯಿತು. ಕೊನೆಯ ಗೆರೆ ಎಲ್ಲಿ ಬೀಳಬೇಕೆಂಬುದು ಮೊದಲ ಗೆರೆ ಎಳೆಯುವಾಗಲೇ ಚಿತ್ರಕಾರನ ಮನಸ್ಸಿನಲ್ಲಿರಬೇಕು. ಫರ್ರುಖ್ ಹುಸೇನನಂಥ ಕೆಲವರ ಹೆಸರು ಉಳಿದಿದೆ. ಕಲ್ಲು ತಿಕ್ಕಿದವನ, ಬಣ್ಣ ಅರೆದವನ ಹೆಸರನ್ನು ಯಾರು ಬರೆದಿಟ್ಟರು? ಅವರ ಕೆಲಸವನ್ನು ನಮಗೆ ತೋರಿಸುವುದು ಅರ್ಧಕ್ಕೆ ನಿಂತ ಚಿತ್ರಗಳು, ಬಣ್ಣ ಉದುರಿ ಅಡಿಯ ಗೆರೆ ಹೊರಬಿದ್ದ ಚಿತ್ರಗಳು. ಹಾಳಾದ ಪಟಗಳೇ ಹೆಚ್ಚು ಕಲಿಸುತ್ತವೆ!

1686ರಲ್ಲಿ ವಿಜಾಪುರವೂ ಮರುವರ್ಷ ಗೋಲ್ಕೊಂಡವೂ ಔರಂಗಜೇಬನ ವಶವಾದವು. ಆಶ್ರಯವಿಲ್ಲದ ಕಲಾವಿದರು ಚದುರಿದರು, ಚಿತ್ರಗಳು ಕೈಯಿಂದ ಕೈಗೆ ಹೋಗಿ ಕಡಲನ್ನೂ ದಾಟಿದವು. ಆದರೂ ಕಸುಬು ಸಾಯಲಿಲ್ಲ. ನಿಜಾಮರ ಹೈದರಾಬಾದಿನಲ್ಲಿ ಮುಂದುವರಿಯಿತು. 1956ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳಿಗೆ ಸೇರಿದ್ದ ನಮ್ಮ ಸುರಪುರದಲ್ಲಿಯೂ ನಾಯಕರ ಆಶ್ರಯದಲ್ಲಿ ತನ್ನದೇ ಆದ ಶೈಲಿಯೊಂದು ಬೆಳೆದಿತ್ತು.

ದಖ್ಖನಿ ಚಿತ್ರಗಳನ್ನು ಕಾಣಲು ನಾವು ಡಬ್ಲಿನ್ನಿಗೆ ಹೋಗಬೇಕಾಗಿಲ್ಲ. 1951ರಲ್ಲಿ ದಿವಾನ್ ದೇವಡಿಯಲ್ಲಿ ತೆರೆದು, 1968ರಲ್ಲಿ ಮೂಸಿಯ ದಂಡೆಯ ಕಟ್ಟಡಕ್ಕೆ ಬಂದ ಸಾಲಾರ್‌ಜಂಗ್ ಸಂಗ್ರಹಾಲಯದಲ್ಲಿಯೇ ಇವೆ. ಊರಿನಿಂದ ನೆಂಟರು ಬಂದರೆ ನಾವೆಲ್ಲ ಅವರನ್ನು ಅಲ್ಲಿಯ ಸಂಗೀತದ ಗಡಿಯಾರದ ಮುಂದೆ ನಿಲ್ಲಿಸುತ್ತೇವೆ, ಮುಸುಕಿನ ರೆಬೆಕ್ಕಳನ್ನು ತೋರಿಸುತ್ತೇವೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಮುಂದಿನ ಸಲ ಮಕ್ಕಳನ್ನು ಕಿರುಚಿತ್ರಗಳ ಬಳಿಗೂ ಕರೆದೊಯ್ಯಿರಿ. ನೇರ ಎದುರಿಗೆ ನಿಲ್ಲದೆ ಕೊಂಚ ಓರೆಯಾಗಿ ನಿಂತರೆ, ಬೆಳಕು ಬಿದ್ದಾಗ ಹೊನ್ನಿನ ಲೇಪ ಬೇರೆಯಾಗಿ, ಅಡಿಯ ಬಣ್ಣ ಬೇರೆಯಾಗಿ ಕಾಣುತ್ತವೆ.