ಸೀಸರ್ ಎಂಬ ಹೆಸರು: ನಿಷ್ಪತ್ತಿ ಮತ್ತು ಅರ್ಥಾಂತರ

ಪ್ರಾಚೀನ ರೋಮಿನ ಕುಲೀನರ ಹೆಸರಿನಲ್ಲಿ ಸಾಮಾನ್ಯವಾಗಿ ವ್ಯಕ್ತಿನಾಮ, ಕುಲನಾಮ ಹಾಗೂ ಕುಲದ ಒಂದು ಕವಲನ್ನು ಸೂಚಿಸುವ ಉಪನಾಮ ಎಂಬ ಮೂರು ಅಂಗಗಳಿದ್ದವು. ಗಾಯಸ್ ಜೂಲಿಯಸ್ ಸೀಸರ್ ಎಂಬಲ್ಲಿ ಸೀಸರ್ ಎಂಬುದು ಉಪನಾಮ. ಇಂತಹವು ಬಹುಮಟ್ಟಿಗೆ ಅಡ್ಡಹೆಸರುಗಳಾಗಿ ಹುಟ್ಟಿ ವಂಶಪಾರಂಪರ್ಯವಾಗಿ ಉಳಿದವು. ಸಿಸೆರೊ ಎಂಬುದರ ಮೂಲದಲ್ಲಿರುವುದು ಕಡಲೆಕಾಳು. ಸೀಸರ್ ಎಂಬುದರ ನಿಷ್ಪತ್ತಿಯಾದರೋ ರೋಮನರಿಗೇ ಒಗಟಾಗಿತ್ತು.

ಕ್ರಿ.ಶ. 1ನೆಯ ಶತಮಾನದ ಪ್ಲಿನಿಯು ಇದನ್ನು ‘ಕತ್ತರಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಸಾಧಿಸಿ, ತಾಯಿಯ ಗರ್ಭವನ್ನು ಸೀಳಿ ಹೊರತೆಗೆಯಲಾದ ಪೂರ್ವಜನೊಬ್ಬನಿಂದ ಹೆಸರು ಬಂದಿತೆನ್ನುತ್ತಾನೆ. ‘ಹಿಸ್ಟೋರಿಯಾ ಅಗಸ್ಟಾ’ ಎಂಬ ಚರಿತ್ರೆಗಳ ಸಂಕಲನವು ದಟ್ಟವಾದ ತಲೆಗೂದಲು, ಬೂದುನೀಲಿ ಕಣ್ಣು, ಯುದ್ಧದಲ್ಲಿ ಕೊಂದ ಆನೆ ಎಂಬ ಬೇರೆ ಮೂಲಗಳನ್ನೂ ಹೇಳುತ್ತದೆ. ಜೂಲಿಯಸ್ ಸೀಸರನು ಕ್ರಿ.ಪೂ. 49ರ ಸುಮಾರಿಗೆ ಟಂಕಿಸಿದ ಬೆಳ್ಳಿನಾಣ್ಯದಲ್ಲಿ ಆನೆಯ ಚಿತ್ರವೂ ಅದರ ಕೆಳಗೆ ಅವನ ಹೆಸರೂ ಇರುವುದು ನಿಜ. ಆದರೆ ಅಷ್ಟರಿಂದಲೇ ನಿಷ್ಪತ್ತಿ ಸಿದ್ಧವಾಗದು. ಕೂದಲಿನ ಅರ್ಥವಂತೂ, ತನ್ನ ಬೋಳುತಲೆಗಾಗಿ ನೊಂದುಕೊಳ್ಳುತ್ತಿದ್ದ ಆ ಸೇನಾನಿಯ ಪಾಲಿಗೆ ವಿಪರ್ಯಾಸವೇ ಸರಿ.

ಪ್ಲಿನಿ ಪೂರ್ವಜನ ಬಗೆಗೆ ಹೇಳಿದ್ದನ್ನು ಮುಂದಿನವರು ಪ್ರಸಿದ್ಧ ವಂಶಜನಿಗೆ ಅಂಟಿಸಿದರು. ‘ಸಿಸೇರಿಯನ್ ಹೆರಿಗೆ’ಗೆ ಜೂಲಿಯಸ್ ಸೀಸರನ ಜನನವೇ ಕಾರಣವೆಂಬ ನಂಬಿಕೆ ಬೆಳೆದದ್ದು ಹೀಗೆ. ಆ ಕಾಲದಲ್ಲಿ ಇಂತಹ ಶಸ್ತ್ರಕ್ರಿಯೆ ನಡೆಯುತ್ತಿದ್ದುದು ಸತ್ತ ಅಥವಾ ಸಾಯುತ್ತಿರುವ ಗರ್ಭಿಣಿಯ ಮೇಲೆ. ಅವನ ತಾಯಿ ಅರೇಲಿಯಾ ತೀರಿಕೊಂಡದ್ದು ಕ್ರಿ.ಪೂ. 54ರಲ್ಲಿ, ಮಗ ನಡುವಯಸ್ಸು ದಾಟಿದ ಮೇಲೆ. ಅಲ್ಲದೆ, ಅವನು ಹುಟ್ಟುವ ಶತಮಾನಕ್ಕೂ ಮೊದಲೇ, ಕ್ರಿ.ಪೂ. 208ರಲ್ಲಿ, ಸೆಕ್ಸ್ಟಸ್ ಜೂಲಿಯಸ್ ಸೀಸರ್ ಎಂಬುವನು ಪ್ರೀಟರ್ ಅಧಿಕಾರಿಯಾಗಿದ್ದನು.

ಮೂಲಾರ್ಥಕ್ಕಿಂತ ಮಹತ್ವದ್ದು ಹೆಸರು ಬಿರುದಾದ ಬಗೆ. ಕ್ರಿ.ಪೂ. 44ರಲ್ಲಿ ಮರಣಶಾಸನದ ಮೂಲಕ ದತ್ತಕನಾದ ಆಕ್ಟೇವಿಯಸನು ಈ ಹೆಸರನ್ನು ವಾರಸಿಕೆಯಾಗಿ ಪಡೆದನು. ಕ್ರಿ.ಶ. 68ರಲ್ಲಿ ನೀರೋ ಸತ್ತು ಆ ಮನೆತನ ಅಳಿದರೂ, ರಕ್ತಸಂಬಂಧವೇ ಇಲ್ಲದ ಗಾಲ್ಬಾ ಸೀಸರ್ ಎನಿಸಿಕೊಂಡನು. ಮನೆತನದ ಗುರುತು ಅಧಿಕಾರದ ಗುರುತಾದದ್ದು ಇಲ್ಲಿಯೇ. 293ರಲ್ಲಿ ಡಯೊಕ್ಲೀಷಿಯನ್ನನ ವ್ಯವಸ್ಥೆಯಲ್ಲಿ ಅದು ಕಿರಿಯ ಸಹಪ್ರಭುವಿನ ಪದವಿಯಾಯಿತು. ಜರ್ಮನ್ನಿನ ಕೈಸರ್, ಸ್ಲಾವಿಕ್ ಭಾಷೆಗಳ ತ್ಸಾರ್ ಇದರ ಸಂತತಿಗಳು.

ಭಾರತ ಉಪಖಂಡಕ್ಕೂ ಈ ಪದ ಬೇಗನೆ ತಲುಪಿತ್ತೆಂದು ತೋರುತ್ತದೆ. ಅಟಕ್ ಸಮೀಪದ ಆರಾ ಖರೋಷ್ಠಿ ಶಾಸನದಲ್ಲಿ ಕುಷಾಣ ದೊರೆ ಕನಿಷ್ಕನಿಗೆ ಮಹಾರಾಜ, ರಾಜಾತಿರಾಜ, ದೇವಪುತ್ರ ಎಂಬ ಬಿರುದುಗಳೊಡನೆ ‘ಕೈಸರ’ ಎಂಬುದನ್ನೂ ಲೂಡರ್ಸ್ ಓದಿದರು. ಅಕ್ಷರಗಳು ಸವೆದಿರುವುದರಿಂದ ಈ ಪಾಠದ ಬಗೆಗೆ ಭಿನ್ನಾಭಿಪ್ರಾಯವಿದೆ. 1877ರ ದೆಹಲಿ ದರ್ಬಾರಿನ ಕಾಲಕ್ಕೆ ವಿಕ್ಟೋರಿಯಾ ರಾಣಿಗೆ ‘ಕೈಸರ್-ಎ-ಹಿಂದ್’ ಎಂಬ ಬಿರುದು ಗೊತ್ತಾಯಿತು. ಅದೇ ಹೆಸರಿನ ಪದಕವನ್ನು ಗಾಂಧೀಜಿ 1920ರಲ್ಲಿ ಹಿಂದಿರುಗಿಸಿದರು.

ಕನ್ನಡಕ್ಕೆ ಇಂಗ್ಲಿಷಿನ ಮೂಲಕ ‘ಸೀಸರ್’ ಬಂದರೆ, ‘ಕೈಸರ್’ ಬಂದದ್ದು ಪಾರಸಿ-ಉರ್ದುಗಳ ಹಾದಿಯಲ್ಲಿ. ಜೂಲಿಯಸ್ ಸೀಸರನ ಕಾಲದ ಲ್ಯಾಟಿನ್ನಿನಲ್ಲಿ ಮೊದಲ ಅಕ್ಷರ ಕಕಾರವೇ ಆಗಿದ್ದುದರಿಂದ, ಅವನ ಸಮಕಾಲೀನರ ಉಚ್ಚಾರಣೆಗೆ ಹತ್ತಿರವಾದದ್ದು ಈ ಎರಡನೆಯ ರೂಪ.